ಸ್ಟ್ಯಾಕ್ ಬಿಟ್ಟು ಬೀಡ್ ಹಿಡಿದೆ: ಎಂಎಸ್‌ಸಿ ಸೆಲ್ ಬೆಳೆಸಿದ ನನ್ನ ಅನುಭವ

ಬೋನ್ ಮ್ಯಾರೋ ಎಂಎಸ್‌ಸಿಗಳನ್ನು (ಚಿಕಿತ್ಸೆಗೆ ಬೆಳೆಸುವ ಮೆಸೆಂಕೈಮಲ್ ಸ್ಟೆಮ್ ಸೆಲ್‌ಗಳು) ದ್ರವದಲ್ಲಿ ಕಲಕುತ್ತಾ ಬೆಳೆಸಿದರೆ ಉಳಿಯುವುದಿಲ್ಲ ಎಂದು ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲೇ ಹೇಳುವವರು ಜಾಸ್ತಿ ಇದ್ದರು. ನಾನು ಲೆಕ್ಕ ನಂಬಿದೆ. ಡೋಸ್ ಕೆಜಿಗೆ 20 ಲಕ್ಷ ಸೆಲ್ ಅಂದರೆ 60 ಕೆಜಿ ತೂಕದ ರೋಗಿಗೆ 12 ಕೋಟಿ ಬೇಕು. ಹತ್ತು ಪದರದ ಸ್ಟ್ಯಾಕ್‌ನಲ್ಲಿ (ಸೆಲ್ ಬೆಳೆಸುವ ಪ್ಲಾಸ್ಟಿಕ್ ತಟ್ಟೆಗಳ ಜೋಡಣೆ) ಸೆಲ್ ಅಂಟಲು ಇರುವ ಜಾಗ 6,360 ಚದರ ಸೆಂ.ಮೀ. ನಮಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ 15 ಕೋಟಿ. ಟೆಸ್ಟಿಂಗ್‌ಗೆ ಹೋದದ್ದು, ಫ್ರೀಜ್ ಮಾಡಿಟ್ಟದ್ದನ್ನು ಕರಗಿಸುವಾಗ ಸತ್ತದ್ದು ಕಳೆದರೆ ಒಬ್ಬ ರೋಗಿಗೆ ಒಂದು ಸ್ಟ್ಯಾಕ್. ಹೀಗೆ ನೂರು ರೋಗಿಗಳನ್ನು ಮುಟ್ಟುವುದು ಯಾವಾಗ? ಅದರ ಬದಲು ಸೈಟೋಡೆಕ್ಸ್-1 ಬೀಡ್‌ಗಳನ್ನು (ಸೆಲ್‌ಗಳು ಅಂಟಿ ಬೆಳೆಯುವ ಸಣ್ಣ ಮಣಿಗಳು) ಲೀಟರಿಗೆ 3 ಗ್ರಾಂ ಹಾಕಿದರೆ 13,000 ಚದರ ಸೆಂ.ಮೀ. ದಾಟುತ್ತದೆ.

ಮೊದಲ ಸ್ಪಿನ್ನರ್‌ಗಳು (ಕಲಕುವ ಬಾಟಲಿಗಳು) ಕೈಕೊಟ್ಟವು. ಐದನೇ ದಿನದ ಹೊತ್ತಿಗೆ ಬೀಡ್‌ಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು, ನಡುವಿನ ಸೆಲ್‌ಗಳು ಸಾಯುತ್ತಿದ್ದವು. ವೇಗ ಏರಿಸಿದರೆ ಸೆಲ್‌ಗಳು ಬೀಡ್‌ನಿಂದ ಕಳಚಿ ಬೀಳುತ್ತಿದ್ದವು. ಸೆಲ್‌ಗಳ ಆಹಾರಕ್ಕೆ ಸೀರಮ್ ಬಿಟ್ಟು ಪ್ಲೇಟ್‌ಲೆಟ್ ಲೈಸೇಟ್‌ಗೆ (ರಕ್ತದ ಪ್ಲೇಟ್‌ಲೆಟ್ ಒಡೆದು ತೆಗೆದ ಸಾರ) ಬಂದಾಗ ಇನ್ನೊಂದು ಪೆಟ್ಟು. ಸಪ್ಲೈಯರ್ ಕೊಟ್ಟ ಒಂದು ಲಾಟ್‌ನಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನ್ ಫೈಬ್ರಿನೋಜೆನ್ ಜಾಸ್ತಿ ಇತ್ತು. ಹೆಪ್ಪುಗಟ್ಟದಿರಲಿ ಎಂದು ಹೆಪರಿನ್ ಹಾಕಿದ್ದರೂ ಇಡೀ ಮೀಡಿಯಾ (ಸೆಲ್ ಬೆಳೆಸುವ ದ್ರವ) ಮೊಸರಿನಂತೆ ಕಟ್ಟಿಕೊಂಡಿತು. ಎರಡು ಲಕ್ಷ ರೂಪಾಯಿಯ ಹತ್ತಿರ ಸಿಂಕಿಗೆ ಹೋಯಿತು. ಆಮೇಲೆ ಪ್ರತಿ ಲಾಟ್‌ಗೂ ಸಣ್ಣ ಬಾಟಲಿಯಲ್ಲಿ ಪರೀಕ್ಷೆ ಮಾಡದೆ ದುಡ್ಡು ಕೊಟ್ಟಿಲ್ಲ.

ದಾರಿ ಸಿಕ್ಕಿದ್ದು ಕಡಿಮೆ ಕಲಕಿದಾಗ. ಸೀಡಿಂಗ್ ದಿನ, ಅಂದರೆ ಸೆಲ್‌ಗಳನ್ನು ಬೀಡ್‌ಗೆ ಹಾಕಿದ ದಿನ, ನಡುನಡುವೆ ನಿಲ್ಲಿಸಿ ತಿರುಗಿಸಿದೆ. ನಂತರ ಬೀಡ್ ತಳ ಬಿಟ್ಟು ಏಳುವಷ್ಟೇ ವೇಗ. ಗಂಟು ಶುರುವಾಗುವ ಮುಂಚೆ ಹೊಸ ಬೀಡ್ ಸೇರಿಸಿದೆ. ಸೆಲ್‌ಗಳು ತಾವಾಗಿಯೇ ಅದರ ಮೇಲೆ ಹತ್ತಿದವು. ಎಷ್ಟು ಹೊತ್ತು ನಿಲ್ಲಿಸಬೇಕು, ಹೊಸ ಬೀಡ್ ಯಾವಾಗ ಹಾಕಬೇಕು ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹಾರ್ವೆಸ್ಟ್ ದಿನ ಎರಡು ಮೂರು ಸಲ ಚೆನ್ನಾಗಿ ತೊಳೆದು, ಸೆಲ್‌ಗಳನ್ನು ಬೀಡ್‌ನಿಂದ ಬಿಡಿಸಲು ಎಂಜೈಮ್ ಹಾಕಿ, ಕೆಲವೇ ನಿಮಿಷ ಜೋರಾಗಿ ತಿರುಗಿಸಿ ಜಾಲರಿಯಲ್ಲಿ ಸೋಸಿದೆ. ಎಲ್ಲರೂ ಹೆದರಿಸಿದ್ದು ಈ ವೇಗಕ್ಕೇ. ಬದುಕಿದ್ದವು 90% ಮೇಲೆ! ಎಂಎಸ್‌ಸಿ ಹೌದೇ ಎಂದು ತಿಳಿಸುವ ಗುರುತುಗಳಾದ ಸಿಡಿ73, 90, 105 ಮೂರೂ 95% ದಾಟಿದವು.

ನಡುವೆ ಸುಮ್ನೆ ಹೊಕ್ಕುಳಬಳ್ಳಿಯ ಸೆಲ್‌ಗಳನ್ನೂ ಹಾಕಿ ನೋಡಿದೆ. ಬೇಗ ಬೆಳೆದವು, ಅಷ್ಟೇ ಬೇಗ ಗಂಟಾದವು. ಅದಕ್ಕೆ ಬೇರೆಯೇ ವೇಗ ಬೇಕು.

3 ಲೀಟರಿನಲ್ಲಿ ಈಗ ಐದಾರು ಸ್ಟ್ಯಾಕ್‌ನಷ್ಟು ಸೆಲ್ ಬರುತ್ತದೆ, ಡೋಸಿನ ಖರ್ಚು ಹೆಚ್ಚುಕಡಿಮೆ ಅರ್ಧ. ಈಗಿನ ತೊಂದರೆ ಫಿಲ್ಲಿಂಗ್, ಅಂದರೆ ಸೆಲ್‌ಗಳನ್ನು ವಯಲ್‌ಗೆ (ಸಣ್ಣ ಶೀಶೆ) ತುಂಬಿಸುವುದು. ಫ್ರೀಜ್ ಮಾಡುವಾಗ ಸೆಲ್ ಕಾಪಾಡುವ ಡಿಎಂಎಸ್‌ಓ ಸೇರಿಸಿದ ಮೇಲೆ ಸೆಲ್‌ಗಳನ್ನು ಹೊರಗೆ ಜಾಸ್ತಿ ಹೊತ್ತು ಇಡಲಾಗದು. 50 ಲೀಟರಿಗೆ ಹೋದರೆ ಕೈಯಲ್ಲಿ ವಯಲ್ ತುಂಬಿಸಿ ಮುಗಿಯುವುದಿಲ್ಲ. ಸೆಲ್ ಬೆಳೆಸುವ ದೊಡ್ಡ ರಿಯಾಕ್ಟರ್‌ಗಿಂತ ಮೊದಲು ಫಿಲ್ಲಿಂಗ್ ಮೆಷಿನ್‌ಗೆ ದುಡ್ಡು ಕೇಳಿದ್ದೇನೆ.