ಬೆರಳು ಜೋಡಿಸಬೇಕಾ, ಬಿಡಿಸಬೇಕಾ? ಕೈ ಸುತ್ತ ಹರಿಯುವ ನೀರಿನ ಲೆಕ್ಕ

ಈಜುವಾಗ ಬೆರಳು ಜೋಡಿಸಬೇಕಾ, ಸ್ವಲ್ಪ ಬಿಡಿಸಬೇಕಾ? ಇದೊಂದು ಪ್ರಶ್ನೆಗೆ ನಾನು ನನ್ನ ಬಲಗೈಯನ್ನೇ ಫೋನಿನಲ್ಲಿ ಸ್ಕ್ಯಾನ್ ಮಾಡಿ ಓಪನ್‌ಫೋಮ್‌ಗೆ ಹಾಕಿದೆ. ಅದು ನೀರು, ಗಾಳಿಯ ಹರಿವನ್ನು ಲೆಕ್ಕಹಾಕುವ ಉಚಿತ ಸಾಫ್ಟ್‌ವೇರ್. ತಾಳ್ಮೆ ಮಾತ್ರ ನಿಮ್ಮದು.

ಮೊದಲು ಕಾಗದ ತಗೊಳ್ಳಿ. ಅಂಗೈ ಅಗಲ 0.08 ಮೀಟರ್, ವೇಗ ಸೆಕೆಂಡಿಗೆ 2 ಮೀಟರ್ ಅಂದ್ಕೊಂಡರೆ ರೆನಾಲ್ಡ್ಸ್ ಸಂಖ್ಯೆ (ಹರಿವು ನಯವಾಗಿರುತ್ತದೋ ಸುಳಿ ಏಳುತ್ತದೋ ಅಂತ ಸೂಚಿಸುವ ಅಳತೆ) ಸುಮಾರು 1,60,000. ಅಂದರೆ ಕೈ ಹಿಂದೆ ನೀರು ಸುಳಿ ಸುಳಿಯಾಗಿ ಒಡೆಯುತ್ತದೆ. ಹಾಗಾಗಿ ಇಂಥ ಸುಳಿಗಳ ಪರಿಣಾಮವನ್ನು ಅಂದಾಜು ಮಾಡುವ ಕೆ-ಒಮೆಗಾ ಎಸ್‌ಎಸ್‌ಟಿ ಮಾದರಿ ಆರಿಸಿ. ಕೈಯ ಮುಖದ ವಿಸ್ತೀರ್ಣ 0.015 ಚದರ ಮೀಟರ್ ಇದ್ದರೆ ನೀರು ಕೈಯನ್ನು ತಳ್ಳುವ ಬಲ 30 ನ್ಯೂಟನ್ ಆಸುಪಾಸು ಬರಬೇಕು. ಈ ಸಂಖ್ಯೆ ಬರೆದಿಟ್ಟುಕೊಳ್ಳಿ.

ಯಾಕೆ ಅಂತೀರಾ? ಸ್ಕ್ಯಾನ್ ಫೈಲು ಸಾಮಾನ್ಯವಾಗಿ ಮಿಲಿಮೀಟರ್‌ನಲ್ಲಿ ಇರುತ್ತದೆ, ಓಪನ್‌ಫೋಮ್ ಅದನ್ನು ಮೀಟರ್ ಅಂತ ಓದುತ್ತದೆ. ನನ್ನ ಕೈ 190 ಮೀಟರ್ ಉದ್ದ ಆಗಿತ್ತು! ಸುತ್ತಲಿನ ನೀರಿನ ಪೆಟ್ಟಿಗೆಯನ್ನೂ ಅದೇ ಅಳತೆಯಲ್ಲಿ ಕೊಟ್ಟಿದ್ದರಿಂದ ಲೆಕ್ಕ ತಕರಾರಿಲ್ಲದೆ ಓಡಿತು. ಎಳೆತದ ಗುಣಾಂಕವೂ (ಬಲವನ್ನು ವೇಗ, ವಿಸ್ತೀರ್ಣಗಳ ಲೆಕ್ಕದಿಂದ ಭಾಗಿಸಿದಾಗ ಸಿಗುವ ಸಂಖ್ಯೆ) ಸರಿಯಾಗೇ ಕಂಡಿತು. ಬಲ ಮಾತ್ರ ಮೂರು ಕೋಟಿ ನ್ಯೂಟನ್. ಇಡೀ ರಾತ್ರಿ ದಂಡ. ಮೊದಲೇ ಫೈಲಿನ ಅಳತೆಗಳನ್ನು 0.001ರಿಂದ ಗುಣಿಸಿಬಿಡಿ.

ಮಣಿಕಟ್ಟಿನ ಹತ್ತಿರ ಕತ್ತರಿಸಿ, ತೂತುಗಳನ್ನೆಲ್ಲ ಮುಚ್ಚಿ. ಬೆರಳ ಸಂದಿಯನ್ನು ಹಿಗ್ಗಿಸಿ ನೋಡಿ: ಸ್ಕ್ಯಾನರ್ ಅಲ್ಲಿ ಬಾತುಕೋಳಿ ಕಾಲಿನ ಹಾಗೆ ತೊಗಲು ಕಟ್ಟಿರುತ್ತದೆ. ಅದನ್ನು ಕೈಯಾರೆ ಬಿಡಿಸಬೇಕು, ಬೇರೆ ದಾರಿಯಿಲ್ಲ.

ಪೆಟ್ಟಿಗೆ ಕೈ ಮುಂದೆ 1 ಮೀಟರ್, ಹಿಂದೆ 3 ಮೀಟರ್ ಇರಲಿ. ನೀರು ಒಳಬರುವ ಬದಿಗೆ ವೇಗ, ಹೊರಹೋಗುವ ಬದಿಗೆ ಸೊನ್ನೆ ಒತ್ತಡ ಕೊಡಿ. ಚರ್ಮದ ಮೇಲೆ ನೀರಿನ ವೇಗ ಸೊನ್ನೆ. ನಿಜವಾದ ಕೆಲಸ ಇರುವುದು ಮೆಶ್‌ನಲ್ಲಿ, ಅಂದರೆ ನೀರಿನ ಜಾಗವನ್ನು ಪುಟ್ಟ ಪುಟ್ಟ ಕೋಶಗಳಾಗಿ ಕತ್ತರಿಸುವುದರಲ್ಲಿ. ಸಂದಿ 3 ಮಿ.ಮೀ. ಇದ್ದು ಕೋಶ 2 ಮಿ.ಮೀ. ಇದ್ದರೆ ಅಲ್ಲಿ ನೀರು ನುಸುಳುವುದು ಹೇಗೆ ಗೊತ್ತಾಗಬೇಕು? ಅಷ್ಟು ಜಾಗಕ್ಕೆ ಅರ್ಧ ಮಿಲಿಮೀಟರ್‌ಗೆ ಇಳಿಸಿ. ಎಲ್ಲ ಕಡೆ ಇಳಿಸಿದರೆ ಮೆಮೊರಿ ಸಾಲದೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ.

ಕೈಗಿಂತ ಮೊದಲು ಒಂದು ಗುಂಡು ತಟ್ಟೆಯನ್ನು ಹರಿವಿಗೆ ಅಡ್ಡ ಇಟ್ಟು ಓಡಿಸಿ. ಗುಣಾಂಕ 1.1–1.2 ಬಂದರೆ ನಿಮ್ಮ ಸೆಟ್ಟಿಂಗ್ ನಂಬಬಹುದು. ಆಮೇಲೆ ಸಿಂಪಲ್‌ಫೋಮ್‌ನಲ್ಲಿ (ಓಪನ್‌ಫೋಮ್‌ನಲ್ಲೇ ಇರುವ, ಸ್ಥಿರ ಹರಿವಿನ ಲೆಕ್ಕ ಮಾಡುವ ಪ್ರೋಗ್ರಾಂ) ಕೈ. ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದ ತಪ್ಪಿನ ಅಳತೆ) ಒಂದನ್ನೇ ನೋಡ್ತಾ ಕೂರಬೇಡಿ, ಬಲದ ಗ್ರಾಫ್ ನೋಡಿ. ಅದು ಸುಮ್ನೆ ಒಂದೆಡೆ ನಿಲ್ಲಲ್ಲ, ತೂಗಾಡುತ್ತದೆ. ಕೊನೆಯ 500 ಸುತ್ತುಗಳ ಸರಾಸರಿ ತೆಗೆಯಿರಿ.

ನನಗೆ ಬೆರಳು ತುಸು ಬಿಡಿಸಿದಾಗಲೇ ಬಲ ಸ್ವಲ್ಪ ಜಾಸ್ತಿ ಬಂತು. ಖುಷಿಪಟ್ಟು ಹೇಳಿಕೊಂಡು ತಿರುಗುವ ಮೊದಲು ಮೆಶ್ ಇನ್ನಷ್ಟು ಸಣ್ಣದು ಮಾಡಿ, ಬೆರಳು ಜೋಡಿಸಿದ ಕೈ, ಬಿಡಿಸಿದ ಕೈ ಎರಡನ್ನೂ ಮತ್ತೆ ಓಡಿಸಿದೆ. ವ್ಯತ್ಯಾಸ ಉಳಿಯಿತು, ಆದರೆ ಅರ್ಧಕ್ಕಿಳಿದಿತ್ತು.