ಸೊಪ್ಪು ಹಿಡಿದು ಗುಡ್ಡಕ್ಕೆ ಓಡುವವರಿಗೆ ಸನ್ಮಾನ ಮಾಡಿದ್ದು

ನಮ್ಮ ಕಾಸರಗೋಡಿನಲ್ಲಿ ಸನ್ಮಾನಕ್ಕೆ ಬರ ಇಲ್ಲ. ಯಕ್ಷಗಾನದವರಿಗೆ, ನಿವೃತ್ತ ಮಾಸ್ಟ್ರುಗಳಿಗೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ದುಡಿದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತಲೇ ಇರುತ್ತದೆ. ಗುಡ್ಡಕ್ಕೆ ಬೆಂಕಿ ಬಿದ್ದಾಗಲೆಲ್ಲ ಓಡುವವರನ್ನು ಮಾತ್ರ ಯಾರೂ ವೇದಿಕೆಗೆ ಕರೆದಿರಲಿಲ್ಲ. ಊರಿನ ಗ್ರಂಥಾಲಯದ ಕಾರ್ಯದರ್ಶಿ ಅಂತ ಆ ಕೆಲಸ ನನ್ನ ತಲೆಗೆ ಬಂತು. ಹೇಗೆ ಮಾಡಿದೆವು ಎಂದು ಬರೆದಿಟ್ಟರೆ ಇನ್ನೊಂದು ಊರಿನವರಿಗೆ ಉಪಯೋಗ ಆದೀತು.

ನಮ್ಮದು ಮುಳ್ಳೇರಿಯದಿಂದ ಒಳಗಿನ ಊರು. ಕೆಳಗೆ ಅಡಿಕೆ ತೋಟ, ಮೇಲೆ ಗೇರು ಗುಡ್ಡ, ಅದರಾಚೆ ಮುರಕಲ್ಲಿನ ಪದವು, ಅಂದರೆ ಗುಡ್ಡದ ಮೇಲಿನ ಹುಲ್ಲು ಬಯಲು. ಮಾರ್ಚ್ ಬಂದರೆ ಪದವಿನ ಮುಳಿಹುಲ್ಲು ಗರಿಗರಿ ಒಣಗಿರುತ್ತದೆ. ಯಾರೋ ಎಸೆದ ಬೀಡಿ, ಗೇರಿನ ಬುಡ ಸವರಿದ ಕಸಕ್ಕೆ ಕೊಟ್ಟ ಬೆಂಕಿ, ಕರೆಂಟಿನ ತಂತಿಯ ಕಿಡಿ, ಯಾವುದಾದರೂ ಸಾಕು. 101ಕ್ಕೆ ಫೋನ್ ಮಾಡಿದರೆ ಅಗ್ನಿಶಾಮಕದ ಗಾಡಿ ಕಾಸರಗೋಡಿನಿಂದಲೋ ಕುತ್ತಿಕೋಲಿನಿಂದಲೋ ಬರಬೇಕು. ಬರುತ್ತದೆ, ಆದರೆ ಡಾಮರು ಮುಗಿದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೇಲೆ ಹತ್ತಿ ಸೊಪ್ಪಿನಿಂದ ಬೆಂಕಿ ಬಡಿದು ಆರಿಸುವವರು ಊರಿನವರೇ.

ಯಾರಿಗೆ ಸನ್ಮಾನ ಎನ್ನುವುದೇ ಮೊದಲ ತಲೆಬಿಸಿ. ಇವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. 2018ರ ನೆರೆಯ ನಂತರ ಕೇರಳದಲ್ಲಿ ಅಗ್ನಿಶಾಮಕ ನಿಲಯಗಳ ಜೊತೆ ಸಿವಿಲ್ ಡಿಫೆನ್ಸ್ ಸ್ವಯಂಸೇವಕರ ಪಡೆ ಶುರುವಾಯಿತು. ಅದಕ್ಕೆ ಸೇರಿದ ಹುಡುಗರಿಗೆ ತರಬೇತಿ ಉಂಟು, ಗುರುತಿನ ಚೀಟಿ ಉಂಟು. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಓಡುತ್ತಿರುವವರ ಹತ್ತಿರ ಕತ್ತಿ ಬಿಟ್ಟರೆ ಬೇರೇನೂ ಇಲ್ಲ. ತಮ್ಮನ್ನು ಸ್ವಯಂಸೇವಕರು ಅಂತ ಅವರು ಅಂದುಕೊಂಡೂ ಇಲ್ಲ.

"ಯಾರಿಗೆ ಸನ್ಮಾನ ಮಾಡಬೇಕು" ಅಂತ ಕೇಳಿದ್ದರೆ ಊರಿನ ದೊಡ್ಡವರ ಹೆಸರೇ ಬರುತ್ತಿತ್ತು. ಅದಕ್ಕೇ ಹಾಗೆ ಕೇಳಲಿಲ್ಲ. ಹೋಟೆಲಿನಲ್ಲಿ, ರೇಶನ್ ಅಂಗಡಿಯಲ್ಲಿ, ಹಾಲಿನ ಡಿಪೋದಲ್ಲಿ ಕೂತು ಬೇರೆಯೇ ಪ್ರಶ್ನೆ ಹಾಕಿದೆವು: "ನಿಮ್ಮ ಗುಡ್ಡಕ್ಕೆ ಬೆಂಕಿ ಬಿದ್ದರೆ ಮೊದಲ ಫೋನ್ ಯಾರಿಗೆ?" ಅದೇ ಮೂರ್ನಾಲ್ಕು ಹೆಸರು ಮತ್ತೆ ಮತ್ತೆ ಬಂತು. ಆಮೇಲೆ ಅವರ ಮನೆಗೆ ಹೋಗಿ, "ಆ ದಿನ ನಿಮ್ಮ ಜೊತೆ ಯಾರಿದ್ದರು?" ಅಂತ ಕೇಳಿದೆವು. ಪಟ್ಟಿ ಬೆಳೆದದ್ದು ಹೀಗೆ. ಸೊಪ್ಪು ಹಿಡಿದವರು ಮಾತ್ರ ಅಲ್ಲ. ಅಡಿಕೆಗೆ ಮದ್ದು ಬಿಡುವ ಪಂಪನ್ನು ಜೀಪಿನಲ್ಲಿ ಏರಿಸಿಕೊಂಡು ಬರುವವರೊಬ್ಬರು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ತಮ್ಮ ಸುರಂಗದ ನೀರಿನ ಟ್ಯಾಂಕನ್ನು ಬೇಸಿಗೆಯಲ್ಲಿ ಯಾವತ್ತೂ ಖಾಲಿ ಬಿಡದವರೊಬ್ಬರು, ಕೊಡದಲ್ಲಿ ನೀರು ಹೊತ್ತು ಗುಡ್ಡ ಹತ್ತಿದ ಹೆಂಗಸರು, ಎಲ್ಲರೂ ಸೇರಿದರು. ಹೆಂಗಸರ ಹೆಸರನ್ನು ಗಂಡಸರು ಯಾರೂ ತಾವಾಗಿ ಹೇಳಲಿಲ್ಲ. ಕೇಳಿದಾಗ "ಹೌದಲ್ವಾ, ಅವರೂ ಇದ್ದರು" ಅಂದರು. ಪಟ್ಟಿ ಮಾಡುವವರು ಇದನ್ನು ಬೇರೆಯಾಗಿ ಕೇಳಲೇಬೇಕು.

ಎಷ್ಟು ವರ್ಷದ ಸೇವೆ ಅಂತ ಲೆಕ್ಕ ಹಾಕುವುದು ಇನ್ನೊಂದು ಕಷ್ಟ. ಇಸವಿ ಯಾರಿಗೂ ನೆನಪಿಲ್ಲ. "ಬ್ರಹ್ಮಕಲಶ ಆದ ಮರುವರ್ಷ", "ಮಗಳ ಮದುವೆ ಆದ ಬೇಸಿಗೆ" ಅಂತ ಹೇಳುತ್ತಾರೆ. ವರ್ಷ ಬಿಟ್ಟು ಬೆಂಕಿಗಳನ್ನೇ ಬರೆದುಕೊಂಡೆವು: ಯಾವ ಗುಡ್ಡ, ಎಲ್ಲಿಂದ ಹತ್ತಿತು, ಎಲ್ಲಿ ನಿಲ್ಲಿಸಿದರು, ನೀರು ಎಲ್ಲಿಂದ ಬಂತು. ಒಬ್ಬ ಹಿರಿಯರು ಹೇಳಿದ ಮಾತು ನನ್ನ ಪುಸ್ತಕದಲ್ಲಿ ಹಾಗೇ ಉಂಟು: "ಮಾಸ್ಟ್ರೇ, ಬೆಂಕಿ ಗುಡ್ಡ ಹತ್ತುವಾಗ ಓಡ್ತದೆ, ಇಳಿಯುವಾಗ ನಡೀತದೆ. ಮೇಲೆ ನಿಂತು ಅದಕ್ಕೆ ಕಾಯುವವ ಪೆದ್ದ." ಬೆಂಕಿ ಹತ್ತುತ್ತಿದ್ದರೆ ಅವರು ಎದುರು ನಿಲ್ಲುವುದೇ ಇಲ್ಲ. ಸುಟ್ಟು ಕಪ್ಪಾದ ಕಡೆಯಿಂದ ಹೋಗಿ ಬದಿ ಬದಿಯಲ್ಲಿ ಬಡಿಯುತ್ತಾ ಬರುತ್ತಾರೆ. ಬಡಿಯುವುದಕ್ಕೂ ಕ್ರಮ ಉಂಟು. ಸೊಪ್ಪನ್ನು ಜೋರಾಗಿ ಎತ್ತಿ ಹೊಡೆದರೆ ಕಿಡಿ ಹಾರಿ ಆಚೆ ಹುಲ್ಲಿಗೆ ಬೀಳುತ್ತದೆ. ಬೆಂಕಿಯ ಮೇಲೆ ಒತ್ತಿ ಎಳೆಯಬೇಕು. ಇವನ್ನೆಲ್ಲ ಕೇಳಿ ಬರೆಯುವಾಗ ನನಗನ್ನಿಸಿತು, ಇಷ್ಟು ಕೂತು ಕೇಳಿದ್ದೇ ಅವರಿಗೆ ಅರ್ಧ ಸನ್ಮಾನ. ಹಾರ ಆಮೇಲಿನದು.

ದಿನದ ಬಗ್ಗೆ ಚರ್ಚೆ ಆಯಿತು. ಏಪ್ರಿಲ್ 14 ದೇಶದ ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ ಹತ್ತಾರು ಸಿಬ್ಬಂದಿ ಸತ್ತರು. ಒಳ್ಳೆಯ ದಿನವೇ. ಆದರೆ ನಮ್ಮಲ್ಲಿ ಆಗ ಬಿಸು ಹಬ್ಬ, ಮನೆಮನೆಯಲ್ಲಿ ಕಣಿ ಇಡುವ ಗಡಿಬಿಡಿ. ಮೇಲಾಗಿ ಬೆಂಕಿಯ ಕಾಲ. ಅರ್ಧ ಸಭೆಯಲ್ಲಿ ಫೋನ್ ಬಂದರೆ ಸನ್ಮಾನಿತರೇ ಎದ್ದು ಓಡಿಯಾರು! ಕೊನೆಗೆ ಮೇ ಕೊನೆ ಎಂದಾಯಿತು. ಒಂದೆರಡು ಮಳೆ ಬಿದ್ದಿರುತ್ತದೆ, ಉತ್ಸವಗಳ ಕಾಲ ಮುಗಿಯುವ ಪತ್ತನಾಜೆ ಕಳೆದು ಯಕ್ಷಗಾನದ ಆಟ, ಭೂತಕೋಲ ಯಾವುದೂ ಇರುವುದಿಲ್ಲ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ ಶುರುವಾಗಿರುವುದಿಲ್ಲ. ಶಾಲೆಗೂ ರಜೆ, ಹಾಗಾಗಿ ಹಾಲ್ ಸಿಕ್ಕಿತು.

ಶಾಲು ಬೇಡ ಅಂತ ನಾನು ವಾದಿಸಿದೆ. ಸೋತೆ. "ಫೋಟೋದಲ್ಲಿ ಮತ್ತೆ ಎಂತ ಕಾಣುದು ಮಾಸ್ಟ್ರೇ?" ಅಂತ ಒಬ್ಬರ ಹೆಂಡತಿ ಕೇಳಿದರು. ಸರಿ, ಹತ್ತಿಯ ಶಾಲು ತಂದೆವು. ಫಲಕ ಮಾತ್ರ ಮಾಡಿಸಲಿಲ್ಲ. ಆ ದುಡ್ಡಿಗೆ ಅವರು ಬೇಕೆಂದು ಹೇಳಿದ್ದನ್ನೇ ಕೊಟ್ಟೆವು: ತಲೆಗೆ ಕಟ್ಟುವ ಟಾರ್ಚ್, ಚರ್ಮದ ಕೈಗವಸು, ದಪ್ಪ ಹತ್ತಿಯ ಉದ್ದ ತೋಳಿನ ಅಂಗಿ. ಪಾಲಿಯೆಸ್ಟರ್ ಬಟ್ಟೆ ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ಅದು ಅವರಿಗೆ ಅನುಭವದಿಂದಲೇ ಗೊತ್ತು.

ಅಭಿನಂದನಾ ಪತ್ರದಲ್ಲಿ "ತ್ಯಾಗಮೂರ್ತಿ", "ಕರ್ಮಯೋಗಿ" ಬರೆಯಲಿಲ್ಲ. ಆ ಪದಗಳನ್ನು ಯಾರ ಹೆಸರಿಗೆ ಬೇಕಾದರೂ ಅಂಟಿಸಬಹುದು. ಒಬ್ಬೊಬ್ಬರಿಗೂ ಅವರವರ ಬೆಂಕಿಯನ್ನೇ ಬರೆದೆವು. "ಪದವಿನ ಬೆಂಕಿ ಶಾಲೆಯ ಹಿಂದಿನ ಗೇರು ತೋಟಕ್ಕೆ ಇಳಿಯದಂತೆ ಇವರು ರಾತ್ರಿಯಿಡೀ ಕಾದರು" ಎಂದು ಓದಿದಾಗ ಸಭೆಯಲ್ಲಿ ಕೂತ ಅರ್ಧ ಜನಕ್ಕೆ ಆ ರಾತ್ರಿ ನೆನಪಿತ್ತು. ಹಿಂದಿನ ಬೆಂಚಿನಿಂದ ಯಾರೋ "ನಾನೂ ಇದ್ದೆ" ಅಂದರು. ಅವರ ಹೆಸರು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲೇ ಸೇರಿಸಿಕೊಂಡೆವು.

ನಮ್ಮಲ್ಲಿ ವೇದಿಕೆ ಅಂದರೆ ಎಲ್ಲ ಪಕ್ಷದವರಿಗೂ ಕುರ್ಚಿ ಬೇಕು. ನಾವು ಸನ್ಮಾನಿತರನ್ನು ಮಾತ್ರ ಮೇಲೆ ಕೂರಿಸಿ ಉಳಿದವರಿಗೆಲ್ಲ ಕೆಳಗೆ ಜಾಗ ಕೊಟ್ಟೆವು. ಸ್ವಲ್ಪ ಮುನಿಸು ಬಂತು, ಊಟದ ಹೊತ್ತಿಗೆ ಹೋಯಿತು. ಅಗ್ನಿಶಾಮಕ ನಿಲಯದ ಅಧಿಕಾರಿ ಮಲಯಾಳದಲ್ಲಿ ಚುಟುಕಾಗಿ ಮಾತಾಡಿ, ಹಳೆ ಟಯರಿನ ರಬ್ಬರನ್ನು ಉದ್ದ ಕೋಲಿಗೆ ಕಟ್ಟಿ ಬೆಂಕಿ ಬಡಿಯುವ ಸಾಧನ ಹೇಗೆ ಮಾಡುವುದು ಅಂತ ತೋರಿಸಿದರು. ಹಿರಿಯರೊಬ್ಬರು ಅದನ್ನು ಕೈಯಲ್ಲಿ ತೂಗಿ ನೋಡಿ, "ಸೊಪ್ಪೇ ಹಗುರ" ಅಂದರು. ಇಬ್ಬರ ನಡುವೆ ನಡೆದ ಆ ಚರ್ಚೆಯನ್ನು ಸಭೆ ಭಾಷಣಕ್ಕಿಂತ ಜಾಸ್ತಿ ಗಮನ ಕೊಟ್ಟು ಕೇಳಿತು.

ಬೆಂಕಿಗಳನ್ನು ಬರೆದ ನನ್ನ ಪುಸ್ತಕದಿಂದ ಈಗ ಒಂದು ನಕ್ಷೆ ಮಾಡಿದ್ದೇವೆ. ಮದಕ (ಕೆರೆ), ಸುರಂಗ, ಟ್ಯಾಂಕ್ ಎಲ್ಲಿವೆ, ಜೀಪು ಎಲ್ಲಿಯವರೆಗೆ ಹೋಗುತ್ತದೆ, ಯಾರ ಮನೆಯಲ್ಲಿ ಪಂಪು ಉಂಟು, ಎಲ್ಲ ಅದರಲ್ಲಿದೆ. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು. ಮಲಯಾಳದ್ದನ್ನು ಅಗ್ನಿಶಾಮಕ ನಿಲಯಕ್ಕೆ ಕೊಟ್ಟೆವು, ಕನ್ನಡದ್ದು ಹಾಲಿನ ಡಿಪೋದ ಗೋಡೆಯಲ್ಲಿದೆ. ಫೋನ್ ನಂಬರುಗಳನ್ನು ಪ್ರತಿ ಜನವರಿಯಲ್ಲಿ ತಿದ್ದುವ ಕೆಲಸ ಗ್ರಂಥಾಲಯದ್ದು.