ಗಾಳಕ್ಕೆ ಕಯಾಕ್ ತಗೊಳ್ಳೋದಾ? ಉದ್ದ ಆಮೇಲೆ ಕೇಳಿ, ಮೊದಲು ತೂಕ ಹಾಕಿ

ಈಗೀಗ ಕೊಡಗಲ್ಲಿ ಗಾಳದ ಹುಚ್ಚಿರೋ ಇಬ್ರು ಸೇರಿದ್ರೆ ಸಾಕು, ಕಯಾಕ್ (ಹುಟ್ಟು ಹಾಕಿ ಓಡಿಸೋ ಸಣ್ಣ ದೋಣಿ) ಮಾತು ಬಂದೇ ಬರತ್ತೆ. ಮೊದಲನೇ ಪ್ರಶ್ನೆನೂ ಯಾವಾಗ್ಲೂ ಒಂದೇ, "ಹತ್ತು ಅಡಿದಾ, ಹನ್ನೆರಡು ಅಡಿದಾ?" ಯೂಟ್ಯೂಬಲ್ಲಿ ಅಮೆರಿಕಾದವ್ರು ಹದಿಮೂರು ಅಡಿ ಕಯಾಕಲ್ಲಿ ನಿಂತ್ಕೊಂಡು ಗಾಳ ಬೀಸೋದು ನೋಡಿ ನಮ್ಮವ್ರಿಗೂ ಅದೇ ಬೇಕು ಅನ್ಸತ್ತೆ. ತಪ್ಪಿಲ್ಲ, ಆದ್ರೆ ಅವ್ರು ಟ್ರಕ್ಕಿಂದ ನೇರ ನೀರಿಗೇ ಇಳಿಸ್ತಾರೆ, ನಮಗೆ ರೋಡಿಂದ ನೀರಿಗೆ ಹೋಗ್ಬೇಕಾದ್ರೆ ಮಧ್ಯ ಒಂದು ತೋಟ, ಒಂದು ಬರೆ (ಇಳಿಜಾರು ದಿಬ್ಬ), ಒಂದು ಗದ್ದೆ ಇರತ್ತೆ. ಅದಕ್ಕೇ ಉದ್ದದಿಂದ ಶುರು ಮಾಡ್ಬೇಡಿ ಅಂತೀನಿ. ತೂಕ, ನೀರು, ಹೊರೋ ದಾರಿ, ಅಗಲ, ಈ ನಾಲ್ಕು ಸರಿಯಾಗಿ ನೋಡಿದ್ರೆ ಉದ್ದ ತಾನಾಗೇ ಗೊತ್ತಾಗತ್ತೆ.

ಹೊಸಬರಿಗೆ ಒಂದು ಮಾತು. ನಾನು ಹೇಳ್ತಿರೋದು ಸಿಟ್ ಆನ್ ಟಾಪ್ ಕಯಾಕ್ ಬಗ್ಗೆ. ಅಂದ್ರೆ ಒಳಗೆ ಕಾಲು ತೂರಿಸಿ ಕೂರೋ ಕಯಾಕ್ ಅಲ್ಲ, ಪೂರ್ತಿ ಮುಚ್ಚಿರೋ ಟೊಳ್ಳು ಪ್ಲಾಸ್ಟಿಕ್ ಒಡಲಿನ ಮೇಲೆ ಕೂರೋದು. ಕೂರೋ ಜಾಗದಲ್ಲಿ ಮೇಲಿಂದ ಕೆಳಗೆ ನೀರಿಗೇ ತೆರೆದುಕೊಳ್ಳೋ ತೂತು ಇರತ್ತೆ, ಸ್ಕಪ್ಪರ್ ಅಂತಾರೆ, ಮೇಲೆ ಬಿದ್ದ ನೀರು ಅದ್ರಲ್ಲೇ ಇಳಿದು ಹೋಗತ್ತೆ. ಮಗುಚಿದ್ರೂ ಒಳಗೆ ನೀರು ತುಂಬಲ್ಲ, ತಿರುಗಿಸಿ ಮತ್ತೆ ಹತ್ಬಹುದು. ಗಾಳಕ್ಕೆ ಇದೇ ವಾಸಿ.

ಮೊದಲನೇ ಹೆಜ್ಜೆ, ತೂಕದ ಲೆಕ್ಕ. ಇದನ್ನ ಯಾರೂ ಮಾಡಲ್ಲ, ಮಾಡ್ಲೇಬೇಕಾದ್ದು ಇದೇ. ಪ್ರತಿ ಕಯಾಕಿಗೂ ಕಂಪೆನಿಯವ್ರು ಇಷ್ಟು ಕೆಜಿ ಹೊರತ್ತೆ ಅಂತ ಬರೆದಿರ್ತಾರೆ. ಅದು ನಿಮ್ಮ ತೂಕ ಮಾತ್ರ ಅಲ್ಲ, ನೀವು, ನಿಮ್ಮ ಸಾಮಾನು, ನೀವು ಹಿಡಿಯೋ ಮೀನು ಎಲ್ಲ ಸೇರಿ. ಅಷ್ಟೂ ಭಾರ ಹಾಕಿದ್ರೆ ಮುಳುಗಲ್ಲ ನಿಜ, ಆದ್ರೆ ಕೆಳಗೆ ಕೂತ್ಬಿಡತ್ತೆ, ಸ್ಕಪ್ಪರ್ ತೂತಿಂದ ನೀರು ಇಳಿಯೋ ಬದಲು ಮೇಲಕ್ಕೆ ಬರತ್ತೆ, ಪ್ಯಾಂಟು ಒದ್ದೆ, ಓಟ ನಿಧಾನ, ಸ್ವಲ್ಪ ಪಕ್ಕಕ್ಕೆ ವಾಲಿದ್ರೂ ಎದೆ ಧಸಕ್ ಅನ್ನತ್ತೆ. ಹಾಗಾಗಿ ಬರೆದಿರೋ ಲೆಕ್ಕದಲ್ಲಿ ಶೇಕಡಾ 70ರ ಮೇಲೆ ಹೋಗ್ಬೇಡಿ.

ನಿಮ್ಮ ತೂಕ 80 ಕೆಜಿ ಅಂತ ಇಟ್ಕೊಳ್ಳಿ. ಲೈಫ್ ಜಾಕೆಟ್ ಒಂದು ಕೆಜಿ, ಎರಡು ರಾಡು ರೀಲು ಸೇರಿ ಎರಡು ಕೆಜಿ, ಗಾಳದ ಸಾಮಾನಿನ ಡಬ್ಬಿ ನಾಲ್ಕು, ಐಸ್ ತುಂಬಿದ ಪೆಟ್ಟಿಗೆ ಆರು, ಕುಡಿಯೋ ನೀರು ಮೂರು, ಸಣ್ಣ ಲಂಗರು ಹಗ್ಗ ಎರಡು, ಬುತ್ತಿ ಮೊಬೈಲು ಅದು ಇದು ಎರಡು. ಹತ್ರ ಹತ್ರ 20 ಆಯ್ತು. ಒಟ್ಟು 100. ಅದನ್ನ 0.7ರಿಂದ ಭಾಗಿಸಿದ್ರೆ ಸುಮಾರು 143, ಅಂದ್ರೆ 145ರಿಂದ 150 ಕೆಜಿ ಹೊರೋ ಕಯಾಕ್ ನೋಡ್ಬೇಕು. 95 ಕೆಜಿ ಆಳಾದ್ರೆ 165ಕ್ಕೆ ಹೋಗತ್ತೆ. ಮನೇಲಿ ಕಾಫಿ ತೂಗೋ ತಕ್ಕಡಿ ಇದ್ಯಲ್ಲ, ಸಾಮಾನೆಲ್ಲ ಒಂದು ಚೀಲಕ್ಕೆ ಹಾಕಿ ತೂಗಿ ನೋಡಿ, ಅಂದಾಜು ಹೇಳ್ಬೇಡಿ, ಅಂದಾಜಲ್ಲಿ ಎಲ್ರೂ ಕಮ್ಮಿನೇ ಹೇಳೋದು. ಮಗನನ್ನ ಮುಂದೆ ಕೂರಿಸ್ಕೊಂಡು ಹೋಗ್ತೀನಿ ಅನ್ನೋರು ಅವನ ತೂಕನೂ ಸೇರಿಸಿ, ಹಾಗೆ ಸೇರಿಸಿದ್ಮೇಲೆ ಒಬ್ಬರ ಕಯಾಕ್ ಸಾಕಾಗಲ್ಲ ಅಂತ ಲೆಕ್ಕನೇ ಹೇಳತ್ತೆ, ಇಬ್ಬರು ಕೂರೋದು ತಗೊಳ್ಳಿ.

ಎರಡನೇದು ನೀರು. ನೀವು ವರ್ಷದಲ್ಲಿ ಹೆಚ್ಚು ಸಲ ಎಲ್ಲಿ ಹೋಗ್ತೀರಿ, ಅದನ್ನ ನೋಡಿ ತಗೊಳ್ಳಿ, ಒಂದ್ಸಲ ಹೋಗ್ಬಹುದೇನೋ ಅನ್ನೋ ಜಾಗಕ್ಕಲ್ಲ. ನಮ್ಮಲ್ಲಿ ಹೆಚ್ಚಿನವ್ರದ್ದು ತೋಟದ ಕೆರೆ. ಸ್ವಂತದ್ದೋ ನೆಂಟರದ್ದೋ, ಕಾಟ್ಲಾ ರೋಹು ಮೀನು ಬಿಟ್ಟಿರ್ತಾರೆ, ಅಂಚಲ್ಲಿ ಜಿಲೇಬಿ ಮೀನು ಇರತ್ತೆ, ಹುಲ್ಲಿನ ಬುಡದಲ್ಲಿ ಕೊರವ ಮೀನು. ಇಂಥ ಕೆರೆಲಿ ಉದ್ದದ ಕಯಾಕ್ ತಗೊಂಡು ಮಾಡೋದೇನು, ನಾಲ್ಕು ಹುಟ್ಟು ಹಾಕೋಷ್ಟರಲ್ಲಿ ಆಚೆ ದಡ, ತಿರುಗಿಸೋದೇ ಕೆಲಸ. ಅದ್ರ ಮೇಲೆ ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಬಿಟ್ಟು ಕೆರೆ ಅರ್ಧ ಖಾಲಿ, ಪಂಪಿನ ಪೈಪು, ಫುಟ್‌ವಾಲ್ವು ಎಲ್ಲ ಮಧ್ಯದಲ್ಲೇ ನಿಂತಿರತ್ತೆ. ಇಲ್ಲಿಗೆ ಒಂಬತ್ತರಿಂದ ಹತ್ತೂವರೆ ಅಡಿ ಸಾಕು ಸಾಕು. ಚಿಕ್ಲಿಹೊಳೆ ಜಲಾಶಯಕ್ಕೂ ಇಷ್ಟೇ ಸಾಕು, ಆ ಅರ್ಧ ಚಂದ್ರದ ಥರ ಇರೋ ಕೋಡಿ ಕಡೆ ಮಾತ್ರ ನೀರು ತುಂಬಿ ಹರಿಯೋವಾಗ ಹೋಗ್ಲೇಬಾರ್ದು.

ಹಾರಂಗಿ ಜಲಾಶಯದ ಕಥೆ ಬೇರೆ. ಅಲ್ಲಿ ನೀರು ಅಗಲ, ಮಧ್ಯಾಹ್ನದ ಮೇಲೆ ಗಾಳಿ ಎದ್ರೆ ಅಲೆನೂ ಏಳತ್ತೆ, ಹಿನ್ನೀರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗೋದು ಅಂದ್ರೆ ದೂರ. ಗಿಡ್ಡ ಕಯಾಕ್ ಪ್ರತಿ ಹುಟ್ಟಿಗೂ ಮೂತಿ ಆಚೆ ಈಚೆ ಆಡಿಸತ್ತೆ, ಉದ್ದದ್ದು ನೆಟ್ಟಗೆ ಹೋಗತ್ತೆ. ಹನ್ನೊಂದೂವರೆ, ಹನ್ನೆರಡು ಅಡಿ ಇದ್ರೆ ತೋಳಿಗೆ ಸುಖ. ಆದ್ರೆ ಸ್ಪೀಡು ಡಬಲ್ ಆಗತ್ತೆ ಅಂತ ಅಂಗಡಿಯವ್ರು ಹೇಳಿದ್ರೆ ನಂಬ್ಬೇಡಿ. ಒಡಲಿನ ಓಟದ ಮಿತಿ ನೀರಿಗೆ ತಾಗೋ ಉದ್ದದ ವರ್ಗಮೂಲದ ಮೇಲೆ ಹೋಗತ್ತೆ, ಲೆಕ್ಕ ಹಾಕಿದ್ರೆ ಹತ್ತು ಅಡಿಗೆ ಗಂಟೆಗೆ ಸುಮಾರು 7.8 ಕಿಲೋಮೀಟರು, ಹನ್ನೆರಡಕ್ಕೆ 8.6. ಎರಡಡಿ ಜಾಸ್ತಿ ಉದ್ದಕ್ಕೆ ಸಿಗೋದು ಒಂದು ಕಿಲೋಮೀಟರೂ ಇಲ್ಲ. ಲಾಭ ಇರೋದು ನೆಟ್ಟಗೆ ಹೋಗೋದ್ರಲ್ಲಿ, ಸಾಮಾನು ಇಡೋ ಜಾಗದಲ್ಲಿ.

ಕಾವೇರಿ ಹೊಳೆಗೆ, ಅಂದ್ರೆ ಸಿದ್ದಾಪುರ, ವಾಲ್ನೂರು, ದುಬಾರೆ ಕಡೆ ಬೇಸಿಗೆಲಿ ನಿಧಾನ ಹರಿಯೋ ಗುಂಡಿಗಳಿಗೆ, ಗಿಡ್ಡದ್ದೇ ಒಳ್ಳೇದು, ಬಂಡೆ ಸಂದಿಲಿ ತಿರುಗಬೇಕಲ್ಲ. ಮಳೆಗಾಲದಲ್ಲಿ ಯಾವ ಸೈಜೂ ಬೇಡ, ಮನೇಲೇ ಇರಿ, ಕಕ್ಕಡದಲ್ಲಿ (ಜುಲೈ ಆಗಸ್ಟಿನ ಜೋರು ಮಳೆ ತಿಂಗಳು) ಹೊಳೆ ನೋಡೋಕೂ ದೂರದಿಂದ್ಲೇ ಚೆಂದ. ಬರಪೊಳೆ ನದಿ ರಭಸದ್ದು, ರಾಫ್ಟಿನ ನೀರು, ಗಾಳದ ಕಯಾಕಿಂದಲ್ಲ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ, ಈ ಅಭಯಾರಣ್ಯದ ಒಳಗೆ ಗಾಳ ಹಾಕೋ ಹಾಗೇ ಇಲ್ಲ. ಜಲಾಶಯಕ್ಕೆ ಇಳಿಯೋ ಮುಂಚೆ ಅಣೆಕಟ್ಟೆ ಆಫೀಸಲ್ಲೂ ಮೀನುಗಾರಿಕೆ ಇಲಾಖೆಲೂ ಕೇಳಿ, ಒಂದು ಕಡೆ ಕೇಳಿದ್ರೆ ಸಾಲ್ದು. ಹೊಳೇಲಿ ಮಹಶೀರ್ ಮೀನು ಬಿದ್ರೆ ಬಿಟ್ಬಿಡಿ, ಕಾವೇರಿಯ ಆ ಗೂನು ಬೆನ್ನಿನ ಮಹಶೀರ್ 2018ರಿಂದ ಅಳಿವಿನ ಅಂಚಿನ ಪಟ್ಟಿಲಿ ಉಂಟು. ದೊಡ್ಡದು ಸಿಕ್ಕಿದ್ರೆ ಕಯಾಕನ್ನೇ ಎಳ್ಕೊಂಡು ಹೋಗತ್ತೆ ಅನ್ನೋದೂ ಸುಳ್ಳಲ್ಲ, ಆಗ ರಾಡು ಪಕ್ಕಕ್ಕಲ್ಲ, ಮೂತಿ ಕಡೆಗೆ ಹಿಡೀಬೇಕು.

ಮೂರನೇದು ಹೊರೋ ದಾರಿ, ನನ್ನ ಪ್ರಕಾರ ಕೊಡಗಲ್ಲಿ ಸೈಜು ತೀರ್ಮಾನ ಆಗೋದು ಇಲ್ಲೇ. ಹತ್ತು ಅಡಿದು ಸಾಮಾನ್ಯವಾಗಿ 20ರಿಂದ 27 ಕೆಜಿ ಇರತ್ತೆ, ಹನ್ನೆರಡು ಅಡಿದು 30 ದಾಟತ್ತೆ, ಕಾಲಲ್ಲಿ ತುಳಿಯೋ ಪೆಡಲ್ ಇರೋದು 40ರ ಮೇಲೆ. ಐವತ್ತು ಕೆಜಿ ಕಾಫಿ ಚೀಲ ಹೊರೋರಿಗೆ ಇದೇನ್ ಮಹಾ ಅನ್ಬೇಡಿ, ಚೀಲ ಹೆಗಲ ಮೇಲೆ ಕೂರತ್ತೆ, ಕಯಾಕ್ ಕೂರಲ್ಲ, ಮುಂದೆ ಸಿಲ್ವರ್ ಓಕಿಗೆ ಬಡಿಯತ್ತೆ ಹಿಂದೆ ಕಾಫಿ ಗಿಡಕ್ಕೆ ಸಿಗಾಕೊಳ್ಳತ್ತೆ. ಏಪ್ರಿಲ್ ಮೇನಲ್ಲಿ ಜಲಾಶಯದ ನೀರು ಇಳಿದ್ರೆ ದಡದಿಂದ ನೀರಿಗೆ ಇನ್ನೂ ಅಷ್ಟು ದೂರ ಕೆಸರು. ವಾಪಸ್ ಬರೋವಾಗ ಸುಸ್ತಾಗಿರತ್ತೆ, ಕತ್ತಲಾಗ್ತಾ ಬಂದಿರತ್ತೆ, ತೋಟದಲ್ಲಿ ಆನೆ ಇದೆ ಅಂತ ಫೋನು ಬಂದಿರತ್ತೆ, ಆಗ ಒಬ್ಬರೇ ಎತ್ಕೊಂಡು ಬೇಗ ಜೀಪಿಗೆ ಹಾಕೋಕೆ ಆಗೋ ಸೈಜು ಯಾವ್ದೋ ಅದೇ ನಿಮ್ಮ ಸೈಜು. ಜೊತೆಗೆ ಯಾವಾಗ್ಲೂ ಆಳು ಇರ್ತಾರೆ ಅನ್ನೋರಿಗೆ ಈ ಮಾತು ಬೇಡ. ಎರಡು ಚಕ್ರದ ಟ್ರಾಲಿ ಸಿಗತ್ತೆ, ಗದ್ದೆ ಬದಿಲಿ ಸರಿ, ಕಲ್ಲಿನ ಇಳಿಜಾರಲ್ಲಿ ಅದನ್ನೂ ಸೇರಿಸಿ ನೀವೇ ಹೊರಬೇಕು.

ಗಾಡಿ ಮೇಲೂ ನೋಡ್ಕೊಳ್ಳಿ. ಹನ್ನೆರಡು ಅಡಿ ಅಂದ್ರೆ 3.66 ಮೀಟರು, ನಾಲ್ಕು ಮೀಟರ್ ಒಳಗಿನ ಕಾರಿನ ಮೇಲೆ ಹಾಕಿದ್ರೆ ಕಾರಿನಷ್ಟೇ ಉದ್ದ. ಮಡಿಕೇರಿ ಘಾಟಿಯ ತಿರುವಲ್ಲಿ ಮುಂದೆ ಹಿಂದೆ ಹಗ್ಗ ಬಿಗಿದೇ ಹೋಗ್ಬೇಕು. ಪಿಕಪ್ ಇರೋರಿಗೆ ಈ ತಲೆನೋವಿಲ್ಲ.

ನಾಲ್ಕನೇದು ಅಗಲ. ಕೂತ್ಕೊಂಡೇ ಗಾಳ ಹಾಕೋರಿಗೆ 29ರಿಂದ 31 ಇಂಚು ಸಾಕು, ನಿಂತು ಬೀಸೋ ಆಸೆ ಇದ್ರೆ 33ರಿಂದ 36. ಅಗಲ ಜಾಸ್ತಿ ಆದಷ್ಟೂ ಅಲ್ಲಾಡೋದು ಕಮ್ಮಿ, ಆದ್ರೆ ಎಳೆಯೋಕೆ ಭಾರ, ಮಗುಚಿದ್ರೆ ಒಬ್ಬರೇ ತಿರುಗಿಸೋದೂ ಕಷ್ಟ. ಈಗ ಬರೋ ಎತ್ತರದ ಫ್ರೇಮ್ ಸೀಟು ಬೆನ್ನಿಗೆ ಹಿತ, ಆದ್ರೆ ಮೈ ಭಾರ ಮೇಲಕ್ಕೆ ಹೋಗೋದ್ರಿಂದ ಕಿರಿದಾದ ಕಯಾಕಿಗೆ ಅದು ಆಗ್ಬರಲ್ಲ. ಆರಡಿ ಆಳುಗಳು ಕಾಲಿಡೋ ಪೆಗ್ಗು ಎಷ್ಟು ಹಿಂದೆ ಮುಂದೆ ಹೋಗತ್ತೆ ಅಂತನೂ ನೋಡ್ಬೇಕು, ಮಂಡಿ ಸ್ವಲ್ಪ ಮಡಚಿರಬೇಕು, ಗಲ್ಲಕ್ಕೆ ತಾಗ್ಬಾರ್ದು.

ಇಷ್ಟಾದ್ಮೇಲೆ ದುಡ್ಡು ಕೊಡೋ ಮುಂಚೆ ನೀರಲ್ಲಿ ಪರೀಕ್ಷೆ. ಗೊತ್ತಿರೋರ ಹತ್ರ ಅದೇ ಅಳತೆದು ಇದ್ರೆ ಒಂದು ಬೆಳಗ್ಗೆಗೆ ಕೇಳಿ. ನಿಮ್ಮ ಸಾಮಾನೆಲ್ಲ ಹಾಕ್ಕೊಂಡು ಎದೆ ಮಟ್ಟದ ನೀರಲ್ಲಿ ಕೂತ್ಕೊಳ್ಳಿ, ಸ್ಕಪ್ಪರ್ ತೂತಿಂದ ನೀರು ಮೇಲೆ ಬರ್ತಿದ್ಯಾ ನೋಡಿ, ಬಂದ್ರೆ ನಿಮಗೆ ಅದು ಸಣ್ಣದಾಯ್ತು, ಬೆಣೆ ಹಾಕಿ ಮುಚ್ಚಿದ್ರೆ ಲೆಕ್ಕ ಬದಲಾಗಲ್ಲ. ಆಮೇಲೆ ಲೈಫ್ ಜಾಕೆಟ್ ಹಾಕ್ಕೊಂಡೇ ಬೇಕಂತ ಮಗುಚಿ, ತಿರುಗಿಸಿ, ಹೊಟ್ಟೆ ಅಡ್ಡ ಹಾಕಿ ಕಾಲು ಒದ್ದು ಮೇಲೆ ಹತ್ತಿ. ಹತ್ತೋಕೆ ಆಗ್ಲಿಲ್ಲ ಅಂದ್ರೆ ಬೇರೆ ಸೈಜು ನೋಡಿ, ಇಲ್ಲಾ ಅಭ್ಯಾಸ ಮಾಡಿ, ಅದಾಗೋವರೆಗೂ ಹಾರಂಗಿ ಬೇಡ.

ಹುಟ್ಟನ್ನ ಕೊನೆಗೆ ತಗೊಳ್ಳಿ, ಯಾಕಂದ್ರೆ ಅದ್ರ ಉದ್ದ ಕಯಾಕಿನ ಅಗಲದ ಮೇಲೆ ಹೋಗತ್ತೆ. 30 ಇಂಚಿನ ಒಳಗಿದ್ರೆ 230 ಸೆಂಟಿಮೀಟರು, 32ರ ಸುತ್ತ ಮುತ್ತ 240, ಅದಕ್ಕಿಂತ ಅಗಲ ಅಥ್ವಾ ಸೀಟು ಎತ್ತರ ಇದ್ರೆ 250. ಕಯಾಕ್ ಜೊತೆ ಫ್ರೀ ಅಂತ ಕೊಡೋದು ಎಷ್ಟೋ ಸಲ 220ರದ್ದು ಇರತ್ತೆ, ಅದ್ರಲ್ಲಿ ಅಗಲದ ಕಯಾಕ್ ಎಳೆದ್ರೆ ಗೆಣ್ಣು ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಕಿತ್ತು ಬರತ್ತೆ, ಬದಲಾಯಿಸಿ ಕೊಡಿ ಅಂತ ಅಂಗಡಿಲೇ ಕೇಳ್ಬಿಡಿ.